ಮೀನಖಂಡ ಹಾರುತ್ತಿದೆ, ಜೊತೆಗೆ ಸುಸ್ತು. ಇದು ಎಎಲ್‌ಎಸ್ ಅನ್ನುವ ನರದ ಕಾಯಿಲೆಯಾ?

ಇಂಚ್‌ಟೇಪ್, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನನಗೆ 36 ವರ್ಷ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕೆಲಸ. ಹದಿನೇಳು ವರ್ಷದಿಂದ ಇದೇ. ಸ್ವಂತ ಯೂನಿಟ್ ಏನಲ್ಲ, ಪೀಸ್ ರೇಟ್. ಸೊಂಟಕ್ಕೆ ಬೆಲ್ಟ್ ಕೂರಿಸುವುದು, ಬಾಟಮ್ ಮಡಚುವುದು ನನ್ನ ಪಾಲು. ದಸರಾ, ದೀಪಾವಳಿ ಹತ್ತಿರ ಬಂದರೆ ಮನೆ ಮುಟ್ಟುವಾಗ ರಾತ್ರಿ ಹನ್ನೆರಡು, ಒಂದು.

ಎರಡೂವರೆ ತಿಂಗಳ ಹಿಂದೆ ಒಂದು ರಾತ್ರಿ ಮಲಗಿದ್ದಾಗ ಎಡಗಾಲಿನ ಮೀನಖಂಡ ಹಾರತೊಡಗಿತು. ನೋವಿಲ್ಲ. ಚರ್ಮದ ಕೆಳಗೆ ಹುಳ ಹರಿದ ಹಾಗೆ. ಲೈಟ್ ಹಾಕಿ ನೋಡಿದೆ, ಕಣ್ಣಿಗೇ ಕಾಣುತ್ತಿತ್ತು. ಹೆಂಡತಿಯನ್ನು ಎಬ್ಬಿಸಿ ತೋರಿಸೋಣ ಅಂದರೆ ಅಷ್ಟರಲ್ಲಿ ನಿಂತುಬಿಟ್ಟಿತು. ಅವಳು ಬೈದು ಮತ್ತೆ ಮಲಗಿದಳು. ಮರುದಿನ ಬಲಗಾಲು. ವಾರಕ್ಕೆ ತೊಡೆ. ಆಮೇಲೆ ಎಡಗೈ ಹೆಬ್ಬೆರಳಿನ ಬುಡ. ಈಗ ಇಂಥ ಜಾಗ ಅಂತಿಲ್ಲ. ಮೆಷಿನ್ ಮೇಲೆ ಕೂತಾಗ ಏನೂ ಗೊತ್ತಾಗುವುದಿಲ್ಲ. ಸುಮ್ನೆ ಕೂತರೆ, ಮಲಗಿದರೆ ಶುರು.

ಅವ್ವನಿಗೆ ಹೇಳಿದೆ. ಬಲಗಣ್ಣು ಹಾರಿದರೆ ಗಂಡಸಿಗೆ ಒಳ್ಳೇದು, ಎಡಗಣ್ಣು ಹಾರಿದರೆ ಕೆಟ್ಟದ್ದು, ಅಷ್ಟು ಅವಳಿಗೆ ಗೊತ್ತು. ಮೀನಖಂಡದ ಶಕುನ ಅವಳ ಲೆಕ್ಕದಲ್ಲಿ ಇಲ್ಲ.

ಇದರ ಜೊತೆಗೆ ಸುಸ್ತು. ಮೊದಲಿನ ಥರದ ಸುಸ್ತಲ್ಲ. 40 ಪೀಸಿನ ಬಂಡಲ್ ಹೆಗಲಿಗೆ ಹಾಕಿಕೊಂಡು ಎರಡು ಮಹಡಿ ಹತ್ತುತ್ತಿದ್ದೆ. ಈಗಲೂ ಹತ್ತುತ್ತೇನೆ. ಆದರೆ ಮೇಲೆ ಹೋದ ಮೇಲೆ ಐದು ನಿಮಿಷ ಬಂಡಲ್ ಮೇಲೇ ಕೂತಿರುತ್ತೇನೆ.

ನಾನು ಮಾಡಿದ ತಪ್ಪು ಮೊಬೈಲ್‌ನಲ್ಲಿ ಹುಡುಕಿದ್ದು. ಮೂರನೇ ವಿಡಿಯೋಗೇ ಎಎಲ್‌ಎಸ್ ಬಂತು. ಮೋಟಾರ್ ನ್ಯೂರಾನ್ ಕಾಯಿಲೆ ಅಂತಲೂ ಹೇಳುತ್ತಾರಂತೆ. ಮಾಂಸಕ್ಕೆ ಆರ್ಡರ್ ಒಯ್ಯುವ ನರಕೋಶಗಳು ಒಂದೊಂದಾಗಿ ಸಾಯುತ್ತವಂತೆ, ವಾಸಿ ಮಾಡುವ ಔಷಧಿ ಇಲ್ಲವಂತೆ. ಸ್ಟೀಫನ್ ಹಾಕಿಂಗ್ ಅವರಿಗೆ 1963ರಲ್ಲಿ, 21ನೇ ವಯಸ್ಸಿಗೇ ಗೊತ್ತಾಯಿತಂತೆ. ಅವರು 76 ವರ್ಷ ಬದುಕಿದರು, ನಿಜ. ಆದರೆ ಅವರ ಕೆಲಸಕ್ಕೆ ತಲೆ ಸಾಕಿತ್ತು. ನನ್ನ ಕೆಲಸಕ್ಕೆ ಕೈ ಬೇಕು.

ಅವತ್ತಿನಿಂದ ದಿನಾ ಪರೀಕ್ಷೆ. ಬೆಳಗ್ಗೆ ಎದ್ದು ಹಿಮ್ಮಡಿ ಮೇಲೆ ಹತ್ತು ಹೆಜ್ಜೆ, ಬೆರಳ ತುದಿ ಮೇಲೆ ಹತ್ತು ಹೆಜ್ಜೆ. ಕನ್ನಡಿ ಮುಂದೆ ನಾಲಿಗೆ ಚಾಚಿ ಅದೇನಾದರೂ ಅದರುತ್ತದಾ ಅಂತ ನೋಡುವುದು. ರಾತ್ರಿ ಟೇಪ್ ಹಿಡಿದು ಎರಡೂ ಮೀನಖಂಡ ಅಳೆಯುವುದು. ಎಡ ಹದಿಮೂರು ಮುಕ್ಕಾಲು ಇಂಚು, ಬಲ ಹದಿನಾಲ್ಕು. ಗಿರಾಕಿ ಪ್ಯಾಂಟಿನಲ್ಲಿ ಕಾಲು ಇಂಚು ಆಚೀಚೆ ಆದರೆ ನಾನು ತಲೆ ಕೆಡಿಸಿಕೊಂಡವನಲ್ಲ. ನನ್ನ ಕಾಲಲ್ಲಿ ಹೋದ ಕಾಲು ಇಂಚಿಗೆ ನಿದ್ದೆ ಹೋಗಿದೆ.

ಹತ್ತಿರದ ಒಬ್ಬ ಡಾಕ್ಟರಿಗೆ ತೋರಿಸಿದೆ. ಕಾಲು ಮುಟ್ಟಿಯೂ ನೋಡಲಿಲ್ಲ. ವೀಕ್‌ನೆಸ್ ಅಂದರು. ಒಂದು ಗ್ಲೂಕೋಸ್ ಬಾಟಲಿ, ಅದರೊಳಗೆ ಹಳದಿ ಇಂಜೆಕ್ಷನ್. ಎರಡು ದಿನ ಉಚ್ಚೆ ಹಳದಿ ಬಂತು. ಹಾರುವುದು ಹಾರುತ್ತಲೇ ಇತ್ತು.

ದಿನಕ್ಕೆ ಎಂಟು ಹತ್ತು ಚಹಾ ಆಗುತ್ತದೆ. ಬೀಡಿ, ಸಿಗರೇಟು, ಕುಡಿತ ಇಲ್ಲ. ಮಾಂಸ, ಮೊಟ್ಟೆ ತಿನ್ನುವವರಲ್ಲ. ಸಕ್ಕರೆ ಕಾಯಿಲೆ ಇಲ್ಲ. ಗ್ಯಾಸ್ ಮಾತ್ರೆ ಬಿಟ್ಟರೆ ಬೇರೆ ಯಾವ ಮಾತ್ರೆಯೂ ಇಲ್ಲ. ಊಟ, ನಿದ್ದೆ ಹೊತ್ತಿಗೆ ಸರಿಯಾಗಿ ಆಗುವುದಿಲ್ಲ. ನಮ್ಮ ಕೆಲಸದಲ್ಲಿ ಅದು ಯಾರಿಗೂ ಆಗುವುದಿಲ್ಲ ಬಿಡಿ.

ನೇರ ಬೆಂಗಳೂರಿಗೆ, ನಿಮ್ಹಾನ್ಸ್‌ಗೇ ಹೋಗಿಬಿಡಲಾ? ಸೀಸನ್ ಟೈಮು. ಮೂರು ದಿನ ಬಿಟ್ಟರೆ ಮೆಷಿನ್ ಮೇಲೆ ಬೇರೆಯವನು ಕೂತಿರುತ್ತಾನೆ. ಮಗಳು ಈಗ ಮೂರನೇ ಕ್ಲಾಸು. ಯಾರಿಗಾದರೂ ಹೀಗೆ ಆಗಿತ್ತಾ?

ಜಾಲಿಮರ, ಬಳ್ಳಾರಿ

ಅಣ್ಣ, ನಮ್ಮೂರಿಗೆ ಇರುವುದೇ ಎರಡು ಕಾಲ. ಬೇಸಿಗೆ, ಕಡು ಬೇಸಿಗೆ. ತಗಡಿನ ಶೆಡ್ಡಿನಲ್ಲಿ ಬೆವರು ಸುರಿಸಿಕೊಂಡು ಹತ್ತು ಚಹಾ ಕುಡಿದರೆ ಎಮ್ಮೆ ಮೈಯೂ ಹಾರುತ್ತದೆ. ಮಜ್ಜಿಗೆಗೆ ಉಪ್ಪು ಹಾಕಿಕೊಂಡು ಕುಡಿಯಿರಿ. ದುರ್ಗಮ್ಮನ ಗುಡಿಗೆ ಹೋಗಿ ಒಂದು ಕಾಯಿ ಒಡೆಸಿ ಬನ್ನಿ. ನನಗೂ ಹೋದ ವರ್ಷ ಹೀಗೇ ಆಗಿತ್ತು. ತಾನೇ ಬಂತು, ತಾನೇ ಹೋಯಿತು.

ನೈಟ್ ಡ್ಯೂಟಿ, ರಾಯಚೂರು

ನಾನು ಸ್ಟಾಫ್ ನರ್ಸ್. ಡಾಕ್ಟರ್ ಅಲ್ಲ, ಅದನ್ನು ಮೊದಲೇ ಹೇಳುತ್ತೇನೆ.

ಹೊಲ ಇದೆಯಾ ನಿಮಗೆ? ಈಚೆಗೆ ಊರಿಗೆ ಹೋಗಿ ಬೆಳೆಗೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆದಿದ್ದೀರಾ? ಕೇಳಲು ಕಾರಣ ಇದೆ. ಮಾನ್ವಿ, ದೇವದುರ್ಗ, ಸಿಂಧನೂರು ಕಡೆಯಿಂದ ಹತ್ತಿಗೆ, ಮೆಣಸಿನಕಾಯಿಗೆ ಎಣ್ಣೆ ಹೊಡೆದು ಬಿದ್ದವರನ್ನು ಕರೆತರುತ್ತಾರೆ. ಮೈತುಂಬ ಮಾಂಸ ಪಟಪಟ ಹಾರುತ್ತಿರುತ್ತದೆ. ನರದ ತುದಿಯಿಂದ ಮಾಂಸಕ್ಕೆ 'ಎಳೆ' ಅಂತ ಹೇಳುವುದು ಅಸಿಟೈಲ್‌ಕೋಲಿನ್ ಅನ್ನುವ ವಸ್ತು. ಹೇಳಿ ಮುಗಿದ ಮೇಲೆ ಅದನ್ನು ಒಡೆದು ಹಾಕಲು ಒಂದು ಕಿಣ್ವ ಇರುತ್ತದೆ. ಆರ್ಗನೊಫಾಸ್ಫೇಟ್ ಜಾತಿಯ ಕೀಟನಾಶಕ ಆ ಕಿಣ್ವದ ಕೈ ಕಟ್ಟಿಹಾಕುತ್ತದೆ. 'ಎಳೆ, ಎಳೆ' ಅನ್ನುವುದು ನಿಲ್ಲುವುದೇ ಇಲ್ಲ. ಆದರೆ ಅವರಿಗೆ ಜೊಲ್ಲು, ವಾಂತಿ, ಬೆವರು ಎಲ್ಲ ಇರುತ್ತದೆ. ಕಣ್ಣಿನ ಪಾಪೆ ಸಾಸಿವೆಯಷ್ಟು ಚಿಕ್ಕದಾಗಿರುತ್ತದೆ. ಹಾಗಾದವರು ಇಲ್ಲಿ ಬರೆಯುತ್ತ ಕೂರಬಾರದು, ಆಸ್ಪತ್ರೆಗೆ ಓಡಬೇಕು. ಎರಡೂವರೆ ತಿಂಗಳು ಹಾರುವ ನಿಮ್ಮದು ಅದಲ್ಲ. ಓದುವ ಬೇರೆಯವರಿಗೂ ಗೊತ್ತಿರಲಿ ಅಂತ ಹೇಳಿದೆ.

ಇನ್ನು ನಿಮ್ಮ ಭಯ. ಆ ಕಾಯಿಲೆ ಹೊಸದಾಗಿ ಬರುವುದು ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬರಿಗೋ ಇಬ್ಬರಿಗೋ. ಬರೀ ಮಾಂಸ ಹಾರುವುದಾದರೆ ಅದು ಎಲ್ಲೆಲ್ಲೂ ಇದೆ. ರಾತ್ರಿ ಪಾಳಿ ಮಾಡುವ ನಮ್ಮಲ್ಲಿ ಕಣ್ಣುರೆಪ್ಪೆ ಹಾರದವರು ಯಾರಿದ್ದಾರೆ ಹೇಳಿ! ನಿದ್ದೆಗೆಡುವುದು, ಚಹಾ, ಚಿಂತೆ, ಮೈ ದಣಿವು, ಯಾವುದಾದರೂ ಸಾಕು. ಅಮೆರಿಕದ ಮೇಯೋ ಕ್ಲಿನಿಕ್‌ನವರು 1993ರಲ್ಲಿ ಒಂದು ಲೆಕ್ಕ ಪ್ರಕಟಿಸಿದ್ದರು. ಮಾಂಸ ಹಾರುತ್ತದೆ, ಪರೀಕ್ಷೆಯಲ್ಲಿ ಬೇರೇನೂ ಸಿಗುವುದಿಲ್ಲ, ಅಂಥ 121 ಜನ. ಅವರನ್ನು 2ರಿಂದ 32 ವರ್ಷದ ನಂತರ ವಿಚಾರಿಸಿ ನೋಡಿದರು. ಒಬ್ಬರಿಗೂ ಆ ಕಾಯಿಲೆ ಬಂದಿರಲಿಲ್ಲ. ಇನ್ನೊಂದು ತಮಾಷೆ ಗೊತ್ತಾ? ಈ ಭಯ ಜಾಸ್ತಿ ಹಿಡಿಯುವುದು ಡಾಕ್ಟರುಗಳಿಗೆ, ಮೆಡಿಕಲ್ ಓದುವ ಹುಡುಗರಿಗೆ. ಓದಿದ್ದೇ ತಪ್ಪು.

ಡಾಕ್ಟರು ಕೇಳುವುದು ಎಷ್ಟು ಹಾರುತ್ತದೆ ಅಂತಲ್ಲ. ಹೋದ ತಿಂಗಳು ಆಗುತ್ತಿದ್ದ ಯಾವ ಕೆಲಸ ಈಗ ಆಗುತ್ತಿಲ್ಲ ಅಂತ. ನೀವು ಬಂಡಲ್ ಹೊತ್ತು ಎರಡು ಮಹಡಿ ಹತ್ತಿ ಕೂರುತ್ತೀರಿ. ಅದು ಸುಸ್ತು. ಹತ್ತಲಿಕ್ಕೇ ಕಾಲು ಏಳದಿದ್ದರೆ ಅದು ಬೇರೆ ಮಾತು.

ಬೆಂಗಳೂರು ಆಮೇಲೆ ನೋಡೋಣ. ಮೊದಲು ಸರಿಯಾದ ಒಬ್ಬ ಎಂಡಿ ಫಿಜಿಷಿಯನ್ ಹತ್ತಿರ ಹೋಗಿ, ಬಟ್ಟೆ ತೆಗೆಸಿ, ಸುತ್ತಿಗೆ ಹಿಡಿದು ಮೈ ಪೂರ್ತಿ ನೋಡಲಿ. ರಕ್ತದಲ್ಲಿ ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಬಿ12. ಮೆಗ್ನೀಸಿಯಂ ಬಾಯಿಬಿಟ್ಟು ಕೇಳಿ. ಸಾಮಾನ್ಯವಾಗಿ ಬರೆಯುವ ಪಟ್ಟಿಯಲ್ಲಿ ಅದು ಇರುವುದಿಲ್ಲ. ರಾತ್ರಿ ಎದೆ ಹೊಡೆದುಕೊಂಡರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಟೇಪ್ ಯೂನಿಟ್‌ನಲ್ಲೇ ಬಿಟ್ಟು ಮನೆಗೆ ಬನ್ನಿ. ಎರಡೂ ಕಾಲು ಒಂದೇ ಅಳತೆ ಇರುವ ಮನುಷ್ಯನನ್ನು ಹದಿನೇಳು ವರ್ಷದಲ್ಲಿ ನೀವು ನೋಡಿದ್ದೀರಾ?

ಬಿಳಿಜೋಳ, ಕುಷ್ಟಗಿ

ನಿಮ್ಮ ಪ್ರಶ್ನೆ ಓದಿ ಮೊದಲು ನನಗೆ ಸಿಟ್ಟು ಬಂತು. ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ.

ನಮ್ಮಪ್ಪನಿಗೆ ಅದೇ ಕಾಯಿಲೆ ಇತ್ತು. ಹೇಗೆ ಶುರುವಾಯಿತು ಅಂತ ಹೇಳುತ್ತೇನೆ, ನೀವೇ ನೋಡಿ. ಎಡಗಾಲಿನ ಹವಾಯಿ ಚಪ್ಪಲಿ ದಾರಿಯಲ್ಲಿ ಬಿದ್ದುಹೋಗುತ್ತಿತ್ತು. ಅಪ್ಪನಿಗೆ ಗೊತ್ತೇ ಆಗುತ್ತಿರಲಿಲ್ಲ. ಹತ್ತು ಹೆಜ್ಜೆ ಮುಂದೆ ಹೋದ ಮೇಲೆ ನೆಲ ಸುಟ್ಟಾಗ ಗೊತ್ತಾಗುತ್ತಿತ್ತು. ನಾವು ನಗುತ್ತಿದ್ದೆವು. ಹೊಸ ಚಪ್ಪಲಿ ತಂದೆವು. ಅದೂ ಬಿತ್ತು. ಆಮೇಲೆ ಪಾದ ಟಪ್ ಟಪ್ ಅಂತ ನೆಲಕ್ಕೆ ಹೊಡೆಯುವ ಸದ್ದು. ಆರು ತಿಂಗಳಿಗೆ ಅಂಗಿ ಗುಂಡಿ ಹಾಕಲು ಆಗಲಿಲ್ಲ. ಆಮೇಲೆ ಮಾತು ತೊದಲಿತು. ಊರವರು ಕುಡಿದಿದ್ದಾರೆ ಅಂದುಕೊಂಡರು. ಅಪ್ಪ ಒಂದು ಹನಿ ಮುಟ್ಟಿದವರಲ್ಲ.

ಮಾಂಸ ಹಾರುತ್ತದೆ ಅಂತ ಅಪ್ಪ ಒಂದು ದಿನವೂ ಹೇಳಲಿಲ್ಲ. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಕೊಪ್ಪಳದಿಂದ ಬೆಂಗಳೂರಿಗೆ ಕರೆದುಕೊಂಡು ಹೋದೆವು. ನಿಮ್ಹಾನ್ಸ್‌ನಲ್ಲಿ ಡಾಕ್ಟರು ಅಂಗಿ ತೆಗೆಸಿ ಅಪ್ಪನ ಭುಜ ನಮಗೆ ತೋರಿಸಿದರು. ಅಲ್ಲಿ ಹಾರುತ್ತಿತ್ತು. ಭುಜ ಅಷ್ಟು ಹೊತ್ತಿಗೆ ಕರಗಿತ್ತು. ಆಮೇಲೆ ಮಾಂಸಕ್ಕೆ ಸೂಜಿ ಚುಚ್ಚಿ ಅದರ ಕರೆಂಟ್ ನೋಡುವ ಇಎಂಜಿ ಪರೀಕ್ಷೆ ಮಾಡಿದರು. ರಿಲುಜೋಲ್ ಅಂತ ಮಾತ್ರೆ ಕೊಟ್ಟರು. ಇದು ವಾಸಿ ಮಾಡುವುದಿಲ್ಲ, ಸ್ವಲ್ಪ ತಡ ಮಾಡುತ್ತದೆ ಅಂತ ಮುಚ್ಚುಮರೆ ಇಲ್ಲದೆ ಹೇಳಿದರು. ಹಾಗೆ ಹೇಳಿದ್ದು ಒಳ್ಳೇದೇ ಆಯಿತು. ಮೂರು ವರ್ಷ ಇದ್ದರು. ಕೊನೆಗೆ ಗಂಜಿ ಕೂಡ ನೆತ್ತಿಗೆ ಹತ್ತುತ್ತಿತ್ತು.

ಅಪ್ಪನಿಗೆ ಮೊದಲು ಕೆಲಸ ನಿಂತಿತು. ಹಾರುತ್ತದೆ ಅಂತ ಗೊತ್ತಾಗಿದ್ದು ಆಮೇಲೆ. ನಿಮಗೆ ಎರಡೂವರೆ ತಿಂಗಳು ಹಾರಿದೆ, ಒಂದು ಕೆಲಸವೂ ನಿಂತಿಲ್ಲ. ಸೂಜಿಗೆ ದಾರ ಪೋಣಿಸುತ್ತೀರಿ ಅಲ್ವಾ? ನಿಮ್ಮನ್ನು ಕಂಡು ನನಗೆ ಬಂದದ್ದು ಸಿಟ್ಟಲ್ಲ, ಹೊಟ್ಟೆಕಿಚ್ಚು ಇರಬೇಕು. ತೋರಿಸಿಕೊಳ್ಳಿ. ಆದರೆ ಇವತ್ತೇ ಸತ್ತವರ ಹಾಗೆ ಮನೆಯಲ್ಲಿ ಓಡಾಡಬೇಡಿ. ಮಗಳು ನೋಡುತ್ತಾಳೆ.

ಮೆಡಿಕಲ್ ಶಾಪ್, ಗಂಗಾವತಿ

ಎಲ್ಲರೂ ಚಹಾ ಹಿಡಿದುಕೊಂಡು ಕೂತಿದ್ದೀರಿ. ಅವರು ಒಂದು ಸಾಲು ಬರೆದು ಹಾಗೇ ದಾಟಿ ಹೋಗಿದ್ದಾರೆ, ನೋಡಿ. 'ಗ್ಯಾಸ್ ಮಾತ್ರೆ ಬಿಟ್ಟರೆ'. ಯಾವ ಮಾತ್ರೆ ಸ್ವಾಮಿ? ಎಷ್ಟು ದಿನದಿಂದ?

ಇಂಚ್‌ಟೇಪ್, ಬಳ್ಳಾರಿ

ಪ್ಯಾಂಟೊಪ್ರಜೋಲ್ 40. ದಿನಾ ಬೆಳಗ್ಗೆ ಖಾಲಿ ಹೊಟ್ಟೆಗೆ. ನಾಲ್ಕು ವರ್ಷ ಆಗಿರಬಹುದು. ಸಂಜೆ ಮಿರ್ಚಿ, ವಗ್ಗರಣೆ ತಿಂದ ದಿನ ರಾತ್ರಿ ಇನ್ನೊಂದು. ಅದೂ ಲೆಕ್ಕಕ್ಕೆ ಬರುತ್ತಾ? ನಮ್ಮ ಯೂನಿಟ್‌ನಲ್ಲಿ ಅರ್ಧ ಜನ ಪೆಪ್ಪರಮಿಂಟ್ ಥರ ನುಂಗುತ್ತಾರೆ.

ನರ್ಸ್ ಅಕ್ಕನವರಿಗೆ: ಹೊಲ ಇಲ್ಲ. ಎಣ್ಣೆ ಮುಟ್ಟಿಲ್ಲ.

ಮೆಡಿಕಲ್ ಶಾಪ್, ಗಂಗಾವತಿ

ಬರುತ್ತದೆ. ಕೌಂಟರ್ ಹಿಂದೆ ನಿಂತು ಇದನ್ನೇ ದಿನಾ ಹೇಳುತ್ತೇನೆ, ಯಾರೂ ಕೇಳುವುದಿಲ್ಲ. 'ಏ, ಗ್ಯಾಸ್ ಮಾತ್ರೆ ಅಲ್ವಾ, ಕೊಡ್ರಿ' ಅಂತ ದುಡ್ಡು ಎಸೆದು ಹೋಗುತ್ತಾರೆ. ನಾನೂ ಕೊಡುತ್ತೇನೆ, ಸುಳ್ಳು ಯಾಕೆ ಹೇಳಲಿ.

ಈ ಮಾತ್ರೆ ಹೊಟ್ಟೆಯ ಆಸಿಡ್ ತಯಾರಾಗುವುದನ್ನೇ ತಡೆಯುತ್ತದೆ. ನಾಲ್ಕು ವಾರ, ಎಂಟು ವಾರಕ್ಕೆ ಒಳ್ಳೆಯ ಔಷಧಿ. ಡಾಕ್ಟರು ಬೇಕು ಅಂತಲೇ ಕೆಲವರಿಗೆ ವರ್ಷಗಟ್ಟಲೆ ಕೊಡುತ್ತಾರೆ, ಅದಕ್ಕೆ ಕಾರಣ ಇರುತ್ತದೆ. ತಾವೇ ಕೊಂಡು ವರ್ಷಗಟ್ಟಲೆ ನುಂಗಿದರೆ ಕೆಲವರಲ್ಲಿ ಎರಡು ವಸ್ತು ಇಳಿಯುತ್ತವೆ. ಒಂದು ಬಿ12. ಊಟದಲ್ಲಿರುವ ಬಿ12 ಬಿಡಿಸಿಕೊಳ್ಳಲು ಆಸಿಡ್ ಬೇಕು. ನೀವು ಮಾಂಸ, ಮೊಟ್ಟೆ ತಿನ್ನುವುದಿಲ್ಲ. ಅಂದರೆ ಬರುವುದೇ ಹಾಲು ಮೊಸರಿನಿಂದ ಇಷ್ಟಿಷ್ಟು, ಅದಕ್ಕೂ ಬಾಗಿಲು ಹಾಕಿದ ಹಾಗೆ. ಎರಡನೆಯದು ಮೆಗ್ನೀಸಿಯಂ. ಕರುಳು ಅದನ್ನು ಹೀರುವುದು ಕಡಿಮೆಯಾಗುತ್ತದೆ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2011ರಲ್ಲೇ ಡಾಕ್ಟರ್ ಚೀಟಿ ಮೇಲೆ ಕೊಡುವ ಈ ಜಾತಿಯ ಮಾತ್ರೆಗಳಿಗೆಲ್ಲ ಆ ಎಚ್ಚರಿಕೆ ಹಾಕಿಸಿದೆ.

ಮೆಗ್ನೀಸಿಯಂ ಇಳಿದರೆ ಏನಾಗುತ್ತದೆ ಗೊತ್ತಾ? ನರಕ್ಕೆ ಕಡಿವಾಣ ತಪ್ಪುತ್ತದೆ. ಯಾರೂ ಕರೆಯದಿದ್ದರೂ ಮಾಂಸ ಕುಣಿಯುತ್ತದೆ. ಸುಸ್ತು, ಸೆಳೆತವೂ ಬರುತ್ತದೆ. ನಿಮಗೆ ಅದೇ ಅಂತ ನಾನು ಹೇಳುತ್ತಿಲ್ಲ, ಪರೀಕ್ಷೆ ಮಾಡಿಸಿ. ನರ್ಸ್ ಮೇಡಂ ಪಟ್ಟಿಯಲ್ಲಿ ಎರಡೂ ಇವೆ. ಡಾಕ್ಟರಿಗೆ ಈ ನಾಲ್ಕು ವರ್ಷದ ಕಥೆ ಹೇಳಲು ಮರೆಯಬೇಡಿ. ಮಾತ್ರೆಯನ್ನು ಇವತ್ತೇ ಕಿತ್ತೆಸೆಯಲೂ ಬೇಡಿ. ಒಮ್ಮೆಲೇ ಬಿಟ್ಟರೆ ಆಸಿಡ್ ಮೊದಲಿಗಿಂತ ಜಾಸ್ತಿ ಉಕ್ಕುತ್ತದೆ. ಆಗ ಹೆದರಿ ಮತ್ತೆ ನನ್ನ ಅಂಗಡಿಗೇ ಬರುತ್ತೀರಿ.

ಇಂಚ್‌ಟೇಪ್, ಬಳ್ಳಾರಿ

ಏಳು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಸೀಸನ್ ಇತ್ತು, ಕ್ಷಮಿಸಿ.

ಒಂದು ಭಾನುವಾರ ಬಿಟ್ಟುಕೊಂಡು ಫಿಜಿಷಿಯನ್ ಹತ್ತಿರ ಹೋದೆ. ನರ್ಸ್ ಅಕ್ಕ ಹೇಳಿದ ಹಾಗೆ ಬಟ್ಟೆ ತೆಗೆಸಿಯೇ ನೋಡಿದರು. ಮೊಣಕಾಲಿಗೆ ಸುತ್ತಿಗೆ, ಅಂಗಾಲಿಗೆ ಕೀಲಿಕೈಯಿಂದ ಗೀರು, ಹಿಮ್ಮಡಿ ನಡಿಗೆ, ನಾಲಿಗೆ. ಹಿಮ್ಮಡಿ ಮೇಲೆ ನಾನು ಸರಾಗ ನಡೆದದ್ದು ನೋಡಿ 'ಪ್ರಾಕ್ಟೀಸ್ ಮಾಡಿಕೊಂಡು ಬಂದಿದ್ದೀರಾ?' ಅಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವರ ಎರಡು ಬೆರಳು ಕೊಟ್ಟು ಹಿಂಡಿ ಅಂದರು. ಹಿಂಡಿದೆ. 'ಸಾಕು, ಬಿಡಪ್ಪಾ' ಅಂದರು. ಆ ಮಾತು ಮನೆಗೆ ಬರುವ ತನಕ ಕಿವಿಯಲ್ಲಿತ್ತು.

ಮೀನಖಂಡ ಅವರ ಎದುರೂ ಹಾರಿತು, ಪುಣ್ಯಕ್ಕೆ. ನೋಡಿದರು, ತಲೆ ಆಡಿಸಿದರು. ಟೇಪಿನ ಕಥೆ ಹೇಳಿದೆ. ಮೆಷಿನ್ ಪೆಡಲ್ ಯಾವ ಕಾಲಲ್ಲಿ ಒತ್ತುತ್ತೀರಿ ಅಂತ ಕೇಳಿದರು. ಬಲಗಾಲು. 'ಹದಿನೇಳು ವರ್ಷ ಒತ್ತಿದ ಕಾಲಿಗೆ ಕಾಲು ಇಂಚು ಜಾಸ್ತಿ ಬೇಡವಾ?' ಅಂದರು. ಎಡಗಾಲು ಸಣ್ಣಗಾಯಿತು ಅಂತ ಅಷ್ಟು ದಿನ ಅತ್ತವನಿಗೆ ಬಲಗಾಲು ದಪ್ಪ ಅನ್ನುವುದು ಹೊಳೆದೇ ಇರಲಿಲ್ಲ.

ರಿಪೋರ್ಟ್ ಬಂತು. ಬಿ12 168. ಲ್ಯಾಬಿನವರು ಕೊಟ್ಟ ಕಾಗದದಲ್ಲಿ 200ರ ಮೇಲೆ ಇರಬೇಕು ಅಂತಿತ್ತು. ಮೆಗ್ನೀಸಿಯಂ 1.3. ಅದು 1.7ರ ಮೇಲೆ ಇರಬೇಕಂತೆ. ಥೈರಾಯ್ಡ್, ಸಕ್ಕರೆ ಸರಿ. ಗಂಗಾವತಿ ಅಣ್ಣನವರೇ, ನಿಮ್ಮ ಕಡೆ ಬಂದರೆ ಒಂದು ಜೀನ್ಸ್ ಹೊಲಿದು ತರುತ್ತೇನೆ, ಸೊಂಟದ ಅಳತೆ ಕಳಿಸಿ.

ಬಿ12 ಇಂಜೆಕ್ಷನ್ ಕೊಟ್ಟರು, ಈಗ ಮಾತ್ರೆ. ಮೆಗ್ನೀಸಿಯಂ ಮಾತ್ರೆಯಿಂದ ಮೊದಲ ವಾರ ಹೊಟ್ಟೆ ಸಡಿಲವಾಗಿ ಯೂನಿಟ್‌ನಲ್ಲಿ ಮರ್ಯಾದೆ ಹೋಯಿತು. ಡೋಸ್ ಎರಡು ಭಾಗ ಮಾಡಿದ ಮೇಲೆ ಸರಿ ಹೋಯಿತು. ಗ್ಯಾಸ್ ಮಾತ್ರೆ ದಿನ ಬಿಟ್ಟು ದಿನ ಮಾಡಿ, ಆಮೇಲೆ ಫ್ಯಾಮೋಟಿಡಿನ್ ಅನ್ನುವ ಬೇರೆ ಜಾತಿಯ ಆಸಿಡ್ ಮಾತ್ರೆಗೆ ಬದಲಿಸಿದರು. ನಡುವೆ ಹತ್ತು ದಿನ ಎದೆ ಉರಿ ತಡೆಯಲು ಆಗಲಿಲ್ಲ. ಚಹಾ ಮೂರಕ್ಕೆ ಇಳಿಸಿದ್ದೇನೆ. ಇಎಂಜಿ ಮಾಡಿಸಲಾ ಅಂತ ನಾನೇ ಎರಡು ಸಲ ಕೇಳಿದೆ. ಈಗ ಬೇಕಿಲ್ಲ, ಶಕ್ತಿ ಕಡಿಮೆಯಾದ ಒಂದು ಗುರುತೂ ಇಲ್ಲ, ಮೂರು ತಿಂಗಳಿಗೆ ಬನ್ನಿ, ಮತ್ತೆ ನೋಡುತ್ತೇನೆ ಅಂದರು.

ಈಗ ಸುಸ್ತು ಮುಕ್ಕಾಲು ಪಾಲು ಹೋಗಿದೆ. ಬಂಡಲ್ ಹೊತ್ತು ಹತ್ತಿ ನಿಂತೇ ಮಾತಾಡುತ್ತೇನೆ. ಹಾರುವುದು ಪೂರ್ತಿ ಹೋಗಿಲ್ಲ. ದಿನಕ್ಕೆ ನಾಲ್ಕೈದು ಸಲ ಇರುತ್ತದೆ, ರಾತ್ರಿ ಹೊಲಿದ ಮರುದಿನ ಜಾಸ್ತಿ. ಮೊದಲ ಹಾಗೆ ಲೈಟ್ ಹಾಕಿ ನೋಡಲು ಏಳುವುದಿಲ್ಲ. ಒಂದು ರಾತ್ರಿ ಮಾತ್ರ ಎದ್ದೆ. 14416ಕ್ಕೆ ಮಾಡಿದೆ. ಒಬ್ಬ ಹೆಣ್ಣುಮಗಳು ಎತ್ತಿದರು. ಇಪ್ಪತ್ತು ನಿಮಿಷ ಜೀನ್ಸ್ ಬಗ್ಗೆಯೇ ಮಾತಾಡಿದೆ ಅನಿಸುತ್ತದೆ.

ಕುಷ್ಟಗಿ ತಂಗಿಗೆ. ನೀವು ಬರೆದದ್ದನ್ನು ಎಷ್ಟು ಸಲ ಓದಿದೆ ಗೊತ್ತಿಲ್ಲ. ಧೈರ್ಯ ಬಂತು, ನಿಜ. ಆದರೆ ಸುಳ್ಳು ಹೇಳುವುದಿಲ್ಲ, ಓದಿದ ರಾತ್ರಿಯೇ ನನ್ನ ಅಂಗಿ ಗುಂಡಿ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದೆ. ಮರುದಿನ ಹವಾಯಿ ಚಪ್ಪಲಿ ಹಾಕಿಕೊಂಡು ಮೋಕಾ ರಸ್ತೆ ತನಕ ನಡೆದು ಬಂದೆ. ಬೀಳಲಿಲ್ಲ. ನಿಮ್ಮ ಅಪ್ಪನ ನೋವನ್ನು ನನ್ನ ಪರೀಕ್ಷೆ ಮಾಡಿಕೊಂಡೆನಲ್ಲಾ ಅಂತ ನಾಚಿಕೆ ಆಯಿತು.

ಬಿಳಿಜೋಳ, ಕುಷ್ಟಗಿ

ನಾಚಿಕೆ ಯಾಕೆ ಅಣ್ಣ. ನಾನೂ ಹಾಗೇ ಮಾಡಿದ್ದೇನೆ. ಅಪ್ಪ ಹೋದ ಮೇಲೆ ಒಂದು ವರ್ಷ ನನ್ನ ಚಪ್ಪಲಿಯನ್ನೇ ನೋಡಿಕೊಂಡು ನಡೆಯುತ್ತಿದ್ದೆ.

ಟೇಪ್ ಈಗ ಎಲ್ಲಿದೆ?

ಇಂಚ್‌ಟೇಪ್, ಬಳ್ಳಾರಿ

ಯೂನಿಟ್‌ನಲ್ಲಿ, ಮೆಷಿನ್ ಡ್ರಾಯರ್‌ನಲ್ಲಿ. ಮನೆಯಲ್ಲಿ ಇನ್ನೊಂದು ಇತ್ತು. ಅದನ್ನು ಮಗಳು ಶಾಲೆಗೆ ಒಯ್ದಿದ್ದಾಳೆ, ಬೆಂಚಿನ ಉದ್ದ ಅಳೆಯುವ ಪಾಠ ಅಂತೆ. ವಾಪಸ್ ಕೇಳಿಲ್ಲ.